ಗಿಳಿ ಕಚ್ಚಿದ ಸೀಬೆಹಣ್ಣು

ಹುಣಸಮಾರನಹಳ್ಳಿಯ ಹಳೇ ಊರಿನೊಳಗೆ ಹೋಗಿ ಅಂಜನಮ್ಮನ ಮನೆ ಯಾವುದು ಎಂದು ಕೇಳಿದರೆ, ಯಾವ ಅಂಜನಮ್ಮ ಎಂದು ತಿರುಗಿ ಕೇಳುತ್ತಾರೆ. ಸೋಬಾನೆ ಅಂಜನಮ್ಮ ಎಂದರೆ ಸಾಕು, ಮನೆಯ ಬಾಗಿಲವರೆಗೂ ಬಿಟ್ಟು ಬರುತ್ತಾರೆ. ಏರ್‌ಪೋರ್ಟ್ ರಸ್ತೆಯ ಎರಡೂ ಬದಿಗೆ ಅಪಾರ್ಟ್‌ಮೆಂಟುಗಳೆದ್ದು ಊರಿನ ಅರ್ಧ ಜನ ಬಾಡಿಗೆಯವರೇ ಆಗಿದ್ದರೂ ಮದುವೆಗೆ, ಒಸಗೆಗೆ, ಮಗುವನ್ನು ತೊಟ್ಟಿಲಿಗೆ ಹಾಕುವುದಕ್ಕೆ ಇವತ್ತಿಗೂ ಅವಳೇ ಬೇಕು. ಮೈಕ್ ಬೇಡದ ಗಂಟಲು. ಹಾಡು ಮುಗಿದರೆ ಮಾತು, ಮಾತು ಮುಗಿದರೆ ಹಾಡು. ಸುಮ್ಮನಿರುವುದು ಅವಳ ಜಾತಕದಲ್ಲೇ ಇಲ್ಲ ಎಂದು ಗಂಡ ಮುನಿಗಂಗಪ್ಪ ಹೇಳುತ್ತಿದ್ದ. ಪಾಪ, ಹೇಳುತ್ತಿದ್ದುದು ಅವಳು ಊರಲ್ಲಿಲ್ಲದಾಗ ಮಾತ್ರ.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬನೇ ಮಗ ಮಹೇಂದ್ರನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಇಷ್ಟೊಂದು ಮಾತಾಡುವ ಅಂಜನಮ್ಮ ಈ ಒಂದು ಮಾತನ್ನು ಈವರೆಗೆ ಬಾಯಿಬಿಟ್ಟು ಆಡಿಲ್ಲ.

ಅದು ಶುರುವಾದದ್ದು ಹೆಮ್ಮೆಯಿಂದ. ಯಲಹಂಕದ ವಾಯುಪಡೆಯ ನಿಲ್ದಾಣ ಊರಿಗೆ ಹತ್ತಿರ. ಜೆಟ್ ವಿಮಾನ ತಲೆಯ ಮೇಲೆ ಹಾದುಹೋದರೆ ಅಟ್ಟದ ಮೇಲಿನ ಪಾತ್ರೆಗಳು ಗಡಗಡ ಎನ್ನುತ್ತವೆ. ತೊಟ್ಟಿಲಲ್ಲಿರುವ ಕೂಸುಗಳು ಬೆಚ್ಚಿಬಿದ್ದು ಕಿರುಚಿಕೊಳ್ಳುತ್ತವೆ, ತಾಯಂದಿರು ಕೈಯಲ್ಲಿದ್ದುದನ್ನು ಬಿಟ್ಟು ಓಡಿಬಂದು ಎದೆಗವಚಿಕೊಳ್ಳುತ್ತಾರೆ. ಅಂಜನಮ್ಮನ ಕೂಸು ಮಾತ್ರ ಮುಷ್ಟಿ ಬಿಗಿದುಕೊಂಡು ನಿದ್ದೆ ಮಾಡುತ್ತಿತ್ತು. ಅವಳು ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು.

“ನೋಡ್ರೇ, ನನ್ ಮಗ ಎದ್ರಲ್ಲ. ಉಲಿ ಮರಿ ಕಣ್ರೇ ಇದು. ಬೇಕಾದ್ರೆ ತಟ್ಟೆ ಬಡೀರಿ, ನೋಡುವ!”

ಅವರು ನಗುತ್ತಾ ತಟ್ಟೆ ಬಡಿದರು. ಕೂಸು ಏಳಲಿಲ್ಲ. ಕಿವಿಯ ಪಕ್ಕದಲ್ಲೇ ಬಡಿದರು, ಆಗಲೂ ಏಳಲಿಲ್ಲ. ಒಬ್ಬಳು ಮುದುಕಿ ನಗುವುದನ್ನು ನಿಲ್ಲಿಸಿ, ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಕೆಳಗಿಟ್ಟು, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೀನಿ ಎಂದು ಹೇಳಿ ಎದ್ದು ಹೋದಳು. ಅಂಜನಮ್ಮ ಮಾತ್ರ ಸಂಜೆಯವರೆಗೂ ಬೀಗುತ್ತಲೇ ಇದ್ದಳು.

ವರ್ಷ ಕಳೆದ ಮೇಲೆ ಮುನಿಗಂಗಪ್ಪನೇ ಹಟ ಹಿಡಿದು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಪರೀಕ್ಷೆ ಮಾಡಿ ಇರುವುದನ್ನು ಇದ್ದ ಹಾಗೆ ಹೇಳಿದರು. ಆಮೇಲೆ ಇನ್ನೊಂದು ಕೋಣೆಯಲ್ಲಿ, ತಂದೆ ತಾಯಿಗೆ ಸಮಾಧಾನ ಹೇಳಲೆಂದೇ ಇದ್ದ ಒಬ್ಬ ಹೆಣ್ಣುಮಗಳು ನೀರು ಕೊಟ್ಟು ಕೂರಿಸಿದಳು.

“ಅಮ್ಮಾ, ಮೊದ್ಲು ನೀವು ಇದನ್ನ ಒಪ್ಕೋಬೇಕು. ನೀವು ಒಪ್ಕೊಂಡ್ರೆ ಮಗು ಕೈಭಾಷೆ ಕಲಿಯುತ್ತೆ, ಓದುತ್ತೆ, ಎಲ್ಲರ ಹಾಗೆ ಬೆಳೆಯುತ್ತೆ.”

“ಒಪ್ಕಂಡ್ರೆ ಕಿವಿ ಬಂದ್ಬುಡ್ತದಾ?” ಎಂದಳು ಅಂಜನಮ್ಮ.

ಆ ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

“ಬರಲ್ಲ ತಾನೇ? ಅಂಗಾದ್ರೆ ನಾನ್ಯಾಕಮ್ಮ ಒಪ್ಕಬೇಕು?” ಎಂದು ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊರಟೇಬಿಟ್ಟಳು. ಬಸ್ಸಿನಲ್ಲಿ ಮುನಿಗಂಗಪ್ಪ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತ. ಅವಳು ಅಳಲಿಲ್ಲ. ಮಗನಿಗೆ ಮಾತು ಬಂದೇ ಬರುತ್ತದೆ, ವಸಿ ನಿಧಾನ ಅಷ್ಟೇ ಎಂದು ಹೆಬ್ಬಾಳ ದಾಟುವ ಹೊತ್ತಿಗೆ ಅವಳು ತೀರ್ಮಾನಿಸಿಯಾಗಿತ್ತು.

ಅಂಜನಮ್ಮ ಯಾವುದನ್ನೂ ಒಪ್ಪದ ಹೆಂಗಸೇನಲ್ಲ. ಗಂಡನ ಪುಕ್ಕಲುತನ ಒಪ್ಪಿದ್ದಳು, ಅತ್ತೆಯ ಕುಟುಕು ಮಾತು ಒಪ್ಪಿದ್ದಳು, ಎರಡು ಹೆಣ್ಣು ಕೂಸುಗಳು ಹುಟ್ಟಿ ವಾರದೊಳಗೆ ಹೋದದ್ದನ್ನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಪ್ಪಿದ್ದಳು. ಎಲ್ಲ ಒಪ್ಪಿ ಒಪ್ಪಿ ಸಾಕಾಗಿ ಈ ಒಂದಕ್ಕೆ ಮಾತ್ರ ಬಾಗಿಲು ಹಾಕಿಕೊಂಡಳೋ ಏನೋ. ಅವಳ ಮೇಲೆ ಎಷ್ಟೇ ಸಿಟ್ಟು ಬಂದರೂ ಇದನ್ನು ನೆನೆದರೆ ಬೈಯಲು ಮನಸ್ಸಾಗುವುದಿಲ್ಲ.

ಗಿಳಿ ಕಚ್ಚಿದ ಹಣ್ಣು ತಿನ್ನಿಸಿದರೆ ಮಾತು ಬರುತ್ತದೆ ಎಂದು ಯಾರೋ ಹೇಳಿದರು. ಕೆರೆಯ ಆಚೆ ಒಂದು ಸೀಬೆತೋಟವಿತ್ತು. ತೋಟದ ಕಾವಲಿನವನು ಬರುವುದಕ್ಕೆ ಮುಂಚೆ ಹೋಗಿ, ಗಿಳಿಗಳು ಕಚ್ಚಿ ಉದುರಿಸಿದ ಅರ್ಧರ್ಧ ಹಣ್ಣನ್ನು ಮಡಿಲಲ್ಲಿ ತುಂಬಿಕೊಂಡು ತರುತ್ತಿದ್ದಳು. ಹಣ್ಣಿನ ಕಾಲವಲ್ಲದಾಗ ಎಲ್ಲಿಂದಲೋ ಒಂದು ಸೀಬೆಹಣ್ಣು ಹೊಂದಿಸಿಕೊಂಡು ಯಲಹಂಕದ ಬಸ್‌ಸ್ಟ್ಯಾಂಡಿಗೆ ಹೋಗಿ, ಗಿಳಿಶಾಸ್ತ್ರ ಹೇಳುವವನ ಪಂಜರದೊಳಗೆ ಹಿಡಿದು ಕಚ್ಚಿಸಿಕೊಂಡು ಬಂದದ್ದೂ ಉಂಟು. ಗಿಳಿಯವನು ನಕ್ಕಿದ್ದಕ್ಕೆ ಅವನ ಏಳು ತಲೆಮಾರು ಜಾಲಾಡಿದಳಂತೆ. ಮಹೇಂದ್ರ ಹಣ್ಣನ್ನು ಇಷ್ಟಪಟ್ಟು ತಿಂದ. ಸೀಬೆಹಣ್ಣೆಂದರೆ ಅವನಿಗೆ ಇವತ್ತಿಗೂ ಜೀವ.

ಹಣ್ಣಿನಿಂದ ಆಗದ್ದನ್ನು ಅವಳು ಹಟದಿಂದ ಮಾಡಹೊರಟಳು. ಸಂಜೆ ದೀಪ ಹಚ್ಚಿ ಮಗನ ಮುಂದಿಡುವಳು. ಪ ಎನ್ನಬೇಕು, ಅಂದಾಗ ಬಾಯಿಯ ಉಸಿರಿಗೆ ದೀಪ ಅಲ್ಲಾಡಬೇಕು. ಆಸ್ಪತ್ರೆಯಲ್ಲಿ ಇನ್ಯಾವುದೋ ಮಗುವಿಗೆ ಮಾಡಿಸುತ್ತಿದ್ದುದನ್ನು ನೋಡಿಕೊಂಡು ಬಂದಿದ್ದಳು. ಹುಡುಗ ಕೈಯೆತ್ತಿ ಏನೋ ತೋರಿಸುವನು. ಆ ಕೈಗಳೇ ತನ್ನ ಶತ್ರು ಎಂದು ಅವಳಿಗೆ ಅನ್ನಿಸಿಬಿಟ್ಟಿತು. ಕೈ ಕಟ್ಟಿದರೆ ಬಾಯಿ ಬಿಡುತ್ತಾನೆ ಎಂಬುದು ಅವಳ ಲೆಕ್ಕಾಚಾರ. ಹಳೇ ಸೀರೆಯ ಅಂಚನ್ನು ಹರಿದು ಎರಡೂ ಮಣಿಕಟ್ಟು ಸೇರಿಸಿ ಕಟ್ಟಿ, ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಳ್ಳುವಳು.

“ನನ್ ಬಾಯ್ ನೋಡು. ಇಲ್ಲಿ ನೋಡ್ಲಾ, ನನ್ ಬಾಯ್ ನೋಡು!”

ಹುಡುಗ ಬಿಕ್ಕಿ ಬಿಕ್ಕಿ ಅಳುವನು. ಆ ಬಿಕ್ಕಿಗೆ ದೀಪ ಅಲ್ಲಾಡಿದರೂ ಅವಳಿಗೆ ಖುಷಿ.

ವರ್ಷಗಟ್ಟಲೆ ಹೀಗೆ ನಡೆದು ಅವನಿಗೆ ಎರಡು ವಿದ್ಯೆ ಬಂದವು. ಒಂದು, ‘ಅಂಬ’ ಎನ್ನುವಂಥ ಒಂದು ಸದ್ದು. ಅದು ಅಮ್ಮ ಎಂದು ಅಂಜನಮ್ಮನೊಬ್ಬಳಿಗೇ ತಿಳಿಯುತ್ತಿತ್ತು. ಇನ್ನೊಂದು, ಅವಳ ತುಟಿ ಓದುವುದು. ಬೇರೆಯವರ ಬಾಯಿ ಅವನಿಗೆ ಅಷ್ಟಾಗಿ ತಿಳಿಯದು. ತಾಯಿ ಬೆನ್ನು ತಿರುಗಿಸದೆ ಮಾತಾಡಿದರೆ ಮಾತ್ರ ಒಂದು ಮಾತೂ ಬಿಡದೆ ಹಿಡಿಯುತ್ತಿದ್ದ.

ಆಸ್ಪತ್ರೆಯವರು ಕೊಟ್ಟ ಕಿವಿ ಮಿಷನ್ ಕಾಣಬಾರದೆಂದು ಬೇಸಿಗೆಯಲ್ಲೂ ಮಫ್ಲರ್ ಸುತ್ತುತ್ತಿದ್ದಳು. ಕೇಳಿದವರಿಗೆ ನೆಗಡಿ ಎನ್ನುವಳು. ವರ್ಷವಿಡೀ ನೆಗಡಿ ಇರುವ ಹುಡುಗನನ್ನು ಊರು ಬೆನ್ನ ಹಿಂದೆ ಮೂಗ ಎಂದು ಕರೆಯಿತು, ಎದುರಿಗೆ ‘ಜಾಣ ಮರಿ’ ಎಂದಿತು. ಪಕ್ಕದ ಮನೆಯಲ್ಲೇ ಇರುವ ಮೈದುನ ವೆಂಕಟೇಶಪ್ಪ, ಮಗಳನ್ನು ನೋಡಲು ಗಂಡಿನವರು ಬರುವ ದಿನ, ಅಂಜನಮ್ಮನನ್ನು ಪಕ್ಕಕ್ಕೆ ಕರೆದ.

“ಅತ್ಗೇ, ತಪ್ಪು ತಿಳ್ಕಬ್ಯಾಡ. ಅವ್ರು ಓಗಗಂಟ ಮಯೇಂದ್ರನ್ನ ವಸಿ ಕೊಟ್ಗೆ ಕಡೆ ಕಳ್ಸು. ವಂಶದಲ್ಲೇ ಇಂಗದೆ ಅಂದ್ಕತಾರೆ.”

ಊರಿಗೆಲ್ಲ ಬಾಯಿ ಮಾಡುವ ಅಂಜನಮ್ಮ ಅಂದು ಬಾಯಿ ಮಾಡಲಿಲ್ಲ. ಹೊಸ ಶರ್ಟು ಹಾಕಿಕೊಂಡು ನಿಂತಿದ್ದ ಮಗನ ಗದ್ದ ಹಿಡಿದು, ತುಟಿ ಬಿಡಿಸಿ ಬಿಡಿಸಿ, ಕೊಟ್ಟಿಗೆಗೆ ಹೋಗು ಎಂದಳು. ಅವನು ಓದಿಕೊಂಡು ಹೋದ. ವೆಂಕಟೇಶಪ್ಪ ಕೆಟ್ಟವನಲ್ಲ, ಮಗಳ ಮದುವೆ ಆಗಬೇಕಿತ್ತು ಅಷ್ಟೇ. ಇಂಥ ಕೆಲಸಗಳನ್ನೆಲ್ಲ ಮಾಡುವುದು ಒಳ್ಳೆಯವರೇ.

ಆ ಕೊಟ್ಟಿಗೆಯಲ್ಲಿ ಬೇರೆಯೇ ಒಂದು ಸಂಸಾರ ನಡೆಯುತ್ತಿತ್ತು. ಹಾಲು ಕರೆಯುವ ಹೊತ್ತಿಗೆ ಅಪ್ಪ, ಮಗ ಇಬ್ಬರೂ ಅಲ್ಲಿ ಸೇರುತ್ತಿದ್ದರು. ಮಹೇಂದ್ರನಿಗೆ ಹನ್ನೆರಡು ತುಂಬಿದಾಗ ಮುನಿಗಂಗಪ್ಪ ಜೀವಮಾನದಲ್ಲೇ ಮೊದಲ ಬಾರಿ ಹೆಂಡತಿಯನ್ನು ಕೇಳದೆ ಒಂದು ಕೆಲಸ ಮಾಡಿದ್ದ. ಮಗನನ್ನು ಸಿಟಿಯ ಕಿವುಡ ಮಕ್ಕಳ ಶಾಲೆಗೆ ಸೇರಿಸಿದ್ದ. ಅವಳು ಊರಿಗೆ, ಮಗ ಹಾಸ್ಟೆಲಿನಲ್ಲಿ ಇಂಗ್ಲಿಷ್ ಮೀಡಿಯಂ ಓದುತ್ತಿದ್ದಾನೆ ಎಂದು ಸಾರಿದಳು. ರಜೆಗೆ ಬಂದಾಗ ಹುಡುಗನ ಕೈತುಂಬ ಮಾತು. ಅಪ್ಪ ಹಾಲಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಒಂದೊಂದೇ ಕಲಿಯುತ್ತಿದ್ದ. ಮಳೆ, ಕರು, ಹಸಿವು, ಸಿಟ್ಟು. ಅಡಿಗೆಮನೆಯ ಕಿಟಕಿಯಿಂದ ಅಂಜನಮ್ಮ ನೋಡುತ್ತಿದ್ದಳು. ಸದ್ದಿಲ್ಲದೆ ನಗುವ ಅವರಿಬ್ಬರನ್ನು ಕಂಡರೆ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎನ್ನಿಸುವುದು. ಮಗ ಒಳಗೆ ಬಂದು ಅವಳೆದುರು ಕೈಯೆತ್ತಿದರೆ ಒಲೆಯ ಕಡೆ ಮುಖ ತಿರುಗಿಸಿಬಿಡುವಳು. ನೋಡಿದರೆ ಒಪ್ಪಿದ ಹಾಗಾಗುತ್ತದಲ್ಲ!

ಮಹೇಂದ್ರ ಬೆಳೆದ. ಯಲಹಂಕದ ಹತ್ತಿರದ ಒಂದು ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ ಹಿಡಿದ. ಅಲ್ಲೇ ಕೆಲಸ ಮಾಡುವ ತೇಜಸ್ವಿನಿಯನ್ನು ಇಷ್ಟಪಟ್ಟ. ಅವಳಿಗೂ ಕೇಳಿಸದು. ಕಿವಿ ಕೇಳುವ ಸೊಸೆಗಾಗಿ ಊರೂರು ಅಲೆದಿದ್ದ ಅಂಜನಮ್ಮ ಮೂರು ದಿನ ಊಟ ಬಿಟ್ಟಳು. ಮುನಿಗಂಗಪ್ಪ ಎರಡನೇ ಬಾರಿ ಹಟ ಹಿಡಿದು ಮದುವೆ ಮಾಡಿಸಿದ. ಊರಿನ ಎಲ್ಲರ ಮಕ್ಕಳಿಗೂ ಆರತಿ ಹಾಡಿದವಳು ಸ್ವಂತ ಮಗನ ಮದುವೆಯಲ್ಲಿ ಗಂಟಲು ಕಟ್ಟಿದೆ ಎಂದು ಕೂತುಬಿಟ್ಟಳು. ಬೇರೆ ಯಾರೋ ಸ್ಪೀಕರಿನಲ್ಲಿ ಹಾಡು ಹಾಕಿದರು.

ಆಮೇಲೆ ರಕ್ಷಾ ಹುಟ್ಟಿದಳು. ತೊಟ್ಟಿಲಿಗೆ ಹಾಕಿದ ದಿನವೇ ಜೆಟ್ ಹಾರಿತು. ಕೂಸು ಬೆಚ್ಚಿಬಿದ್ದು ಮನೆ ಹಾರಿಹೋಗುವ ಹಾಗೆ ಕಿರುಚಿತು. ಅಂಜನಮ್ಮ ಅದನ್ನೆತ್ತಿಕೊಂಡು ಬೀದಿಗೆ ಓಡಿಬಂದು, “ಎದ್ರುಕಂಡ್ಳು ಕಣ್ರೇ, ನನ್ ಮೊಮ್ಮಗಳು ಎದ್ರುಕಂಡ್ಳು!” ಎಂದು ಕೂಗುತ್ತಾ ಅತ್ತಳು. ಅಂದು ಅವಳು ಹಾಡಿದ ಹಾಗೆ ಹಿಂದೆಂದೂ ಹಾಡಿರಲಿಲ್ಲ. ಬಾಣಂತಿ ತೇಜಸ್ವಿನಿ ಗೋಡೆಗೊರಗಿ, ಅತ್ತೆಯ ಬಾಯಿ ಅಷ್ಟು ಅಗಲವಾಗಿ ತೆರೆದು ಮುಚ್ಚುವುದನ್ನು ನೋಡುತ್ತಾ ಕೂತಿದ್ದಳು.

ಆದರೆ ಅಪ್ಪ ಅಮ್ಮ ಕೈಯಲ್ಲಿ ಮಾತಾಡುವ ಮನೆಯಲ್ಲಿ ಮಗುವಿಗೆ ಮೊದಲು ಬಂದದ್ದು ಕೈಮಾತು. ಹಾಲು ಬೇಕೆಂದು ಪುಟ್ಟ ಮುಷ್ಟಿಯನ್ನು ಬಿಗಿದು ಬಿಡಿಸಿ ತೋರಿಸಿದಾಗ ಮಹೇಂದ್ರ ಕುಣಿದಾಡಿದ. ಅಂಜನಮ್ಮ ಆ ಪುಟ್ಟ ಮುಷ್ಟಿಯನ್ನು ಹಿಡಿದು ಕೆಳಗಿಳಿಸಿದಳು. ಅಷ್ಟರಲ್ಲಿ ಮುನಿಗಂಗಪ್ಪ ಎದೆ ಹಿಡಿದುಕೊಂಡು ಕೊಟ್ಟಿಗೆಯಲ್ಲೇ ಹೋಗಿಬಿಟ್ಟ. ಅವನೊಬ್ಬನೇ ಎರಡೂ ಕಡೆಯ ಮಾತು ಬಲ್ಲವನಾಗಿದ್ದ. ಆಮೇಲೆ ಮನೆಯಲ್ಲಿ ಮಾತಾಡುವವಳು ಒಬ್ಬಳು, ಮಾತಾಡುವ ಕೈಗಳು ನಾಲ್ಕು, ನಡುವೆ ಯಾರೂ ಇಲ್ಲ.

ಗಂಡ ಹೆಂಡತಿ ಕೆಲಸಕ್ಕೆ ಹೋದರೆ ಮಗು ಅಜ್ಜಿಯ ಹತ್ತಿರ. ಎರಡು ತುಂಬಿದರೂ ಬಾಯಲ್ಲಿ ನಾಲ್ಕಾರು ಮಾತು ಮಾತ್ರ. ಸೀಬೆತೋಟವಿದ್ದ ಕಡೆ ಈಗ ಲೇಔಟು. ಅಂಜನಮ್ಮ ಯಾರದೋ ಹಿತ್ತಲಿನ ಮರದ ಕೆಳಗೆ ಹುಡುಕಿ ಗಿಳಿ ಕಚ್ಚಿದ ಹಣ್ಣು ತಂದಳು. ಮಗು ತಿಂದು, ಇನ್ನೂ ಬೇಕೆಂದು ಕೈಯಲ್ಲಿ ಕೇಳಿತು. ಬಾಯಲ್ಲಿ ಕೇಳು ಎಂದಳು. ಮಗು ಮತ್ತೆ ಕೈಯಲ್ಲಿ ಕೇಳಿತು. ಅವಳು ಸೀರೆಯ ಅಂಚು ಹರಿದಳು.

ಅಂದು ಗೋಡೌನಿಗೆ ಅರ್ಧ ದಿನ ರಜೆ. ಮಹೇಂದ್ರ ಬಾಗಿಲಲ್ಲಿ ಬಂದು ನಿಂತಾಗ ಮಗುವಿನ ಎರಡೂ ಮಣಿಕಟ್ಟುಗಳನ್ನು ಸೇರಿಸಿ ಕಟ್ಟಿತ್ತು, ಗದ್ದ ಅಜ್ಜಿಯ ಕೈಯಲ್ಲಿತ್ತು. ಅವನು ಬಂದು ಮಂಡಿಯೂರಿ ಕೂತು ಬಿಚ್ಚಿದ. ಆ ಗಂಟು ಎಲ್ಲಿಂದ ಬಿಚ್ಚಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎದ್ದು ತಾಯಿಯ ಎದುರು ಎರಡೂ ಕೈಯೆತ್ತಿ ಏನೋ ಹೇಳತೊಡಗಿದ. ಅವಳು ಅಭ್ಯಾಸದಂತೆ ಒಲೆಯ ಕಡೆ ಮುಖ ತಿರುಗಿಸಿದಳು. ತಿರುಗಿ ನೋಡಿದಾಗ ಅವನಿರಲಿಲ್ಲ. ವಾರ ಕಳೆಯುವುದರೊಳಗೆ ಮೂವರೂ ಆರ್.ಟಿ. ನಗರಕ್ಕೆ ಮನೆ ಬದಲಾಯಿಸಿದರು.

ನಾಲ್ಕು ವರ್ಷವಾಯಿತು. ಹಿರಿಯರ ಹಬ್ಬಕ್ಕೆ ಮಹೇಂದ್ರ ಬರುತ್ತಿರಲಿಲ್ಲ. ಗೋಡೌನಿನಲ್ಲಿ ರಜ ಸಿಗಲಿಲ್ಲ ಎಂದು ಊರಿಗೆ ಹೇಳಿಕೊಂಡು, ಮುನಿಗಂಗಪ್ಪನ ಎಡೆಯನ್ನು ವೆಂಕಟೇಶಪ್ಪನಿಂದಲೇ ಇಡಿಸುತ್ತಿದ್ದಳು. ಈ ವರ್ಷ ಯಾಕೋ ತಡೆಯಲಾಗಲಿಲ್ಲ. ಮಗನನ್ನು ಕರೆತರಲೇಬೇಕು ಎಂದು, ಒಂದು ಚೀಲದ ತುಂಬ ಸೀಬೆಹಣ್ಣು ತೆಗೆದುಕೊಂಡು ಹೆಬ್ಬಾಳದಲ್ಲಿ ಬಸ್ಸು ಬದಲಾಯಿಸಿ ಹೋದಳು.

ಮಗನ ಮನೆ ಮಹಡಿಯ ಮೇಲೆ. ಕೆಳಗೆ ಹೊಲಿಗೆ ಅಂಗಡಿ ಇಟ್ಟ ತಸ್ನೀಮ್ ಎಂಬ ಹೆಂಗಸು ಮೆಟ್ಟಿಲ ಬಳಿ ನಿಂತು, ಮೇಲಿದ್ದ ತೇಜಸ್ವಿನಿಗೆ ಕೈಯಲ್ಲಿ ಏನೋ ಹೇಳಿ ನಗುತ್ತಿದ್ದಳು. ಅಂಜನಮ್ಮ ನಿಂತುಬಿಟ್ಟಳು.

“ನೀನೆಂಗಮ್ಮ ಇದನ್ನೆಲ್ಲ ಕಲ್ತೆ?”

“ಕಲಿಯೋದೇನಮ್ಮ, ದಿನಾ ಸಿಗ್ತಾರಲ್ಲ. ನೀರು ಬಂತು, ಕರೆಂಟ್ ಹೋಯ್ತು, ಊಟ ಆಯ್ತಾ, ಇಷ್ಟೇ. ನೀವು ಮಹೇಂದ್ರ ಅವರಮ್ಮ ಅಲ್ವಾ? ಮುಖ ನೋಡಿದ್ರೇ ಗೊತ್ತಾಗುತ್ತೆ.”

ಆ ‘ಇಷ್ಟೇ’ ಎನ್ನುವುದು ಅವಳ ಎದೆಗೆ ನಾಟಿತು.

ಮೇಲೆ ಮರ್ಯಾದೆಗೇನೂ ಕೊರತೆಯಾಗಲಿಲ್ಲ. ಚಾಪೆ ಹಾಸಿದರು, ತೇಜಸ್ವಿನಿ ಕಾಫಿ ಕೊಟ್ಟಳು. ಮಹೇಂದ್ರನ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ರಕ್ಷಾ ಈಗ ಶಾಲೆಗೆ ಹೋಗುವ ಹುಡುಗಿ. ಬಾಯಿ ಥೇಟ್ ಅಜ್ಜಿಯದೇ, ಕೈಯೂ ಅದೇ ವೇಗ. ಬಾಯಿಗೆ ಗಿಳಿಯ ಹಂಗು ಬೇಕಿರಲಿಲ್ಲ, ಶಾಲೆಯ ಗಲಾಟೆಯೇ ಸಾಕಾಗಿತ್ತು.

“ರಕ್ಷಾ, ನಿಮ್ಮಪ್ಪಂಗೆ ಯೇಳು ಕಂದ, ಹಿರೀಕರ ಹಬ್ಬಕ್ಕೆ ಬರಬೇಕಂತೆ ಅಂತ. ಆಮೇಲೆ... ಅವತ್ತು ಕೈ ಕಟ್ಟಿದ್ದು ತಪ್ಪಾಯ್ತು ಅಂತ ಯೇಳು. ನಿಂದೂ, ಅವಂದೂ.”

ಮಗು ಹೇಳುವ ಮೊದಲೇ ಮಹೇಂದ್ರ ತಾಯಿಯ ತುಟಿಯಿಂದ ಅದನ್ನು ಓದಿಕೊಂಡಿದ್ದ. ಮಗಳ ಕಡೆ ತಿರುಗಿ ಕೈಯಾಡಿಸಿದ.

“ಅಜ್ಜಿ, ಬಾಯಲ್ಲಿ ಬೇಡ್ವಂತೆ. ಒಂದೇ ಒಂದ್ಸಲ ಕೈಯಲ್ಲಿ ಹೇಳ್ಬೇಕಂತೆ. ಈಸಿ ಅಜ್ಜಿ, ನೋಡು, ಹಿಂಗೆ.” ರಕ್ಷಾ ಮುಷ್ಟಿ ಹಿಡಿದು ಎದೆಯ ಮೇಲೆ ದುಂಡಗೆ ಸುತ್ತಿಸಿ ತೋರಿಸಿದಳು. ತಪ್ಪಾಯಿತು ಎನ್ನುವುದಕ್ಕೆ ಅವರ ಮನೆಯ ಕೈಮಾತು ಅದು.

ಅಂಜನಮ್ಮನ ಕೈ ಮಡಿಲಿನಿಂದ ಏಳಲಿಲ್ಲ. ಕಿಟಕಿ ತೆರೆದಿತ್ತು, ಎದುರುಮನೆಯವರು ಬಟ್ಟೆ ಒಣಗಿಸುತ್ತಿದ್ದರು. ಎತ್ತಬೇಕೆಂದು ಅವಳಿಗೆ ನಿಜವಾಗಿಯೂ ಮನಸ್ಸಿತ್ತು. ಇಷ್ಟು ವರ್ಷ ಇನ್ನೊಬ್ಬರ ಕೈ ಕಟ್ಟಿದವಳಿಗೆ ತನ್ನ ಕೈಯೂ ಯಾವಾಗಲೋ ಕಟ್ಟಿಹೋಗಿದೆ ಎಂದು ಆಗ ಗೊತ್ತಾಯಿತು. “ಬಾಯಲ್ಲೇ ಯೇಳ್ತಿದೀನಲ್ಲೋ ಮಗ,” ಎಂದಳು. ಮಹೇಂದ್ರ ತಲೆಯಾಡಿಸಿ ಎದ್ದು, ಒಂದು ಸೀಬೆಹಣ್ಣು ಕೊಯ್ದು ತಟ್ಟೆಯಲ್ಲಿಟ್ಟು ಅವಳ ಮುಂದೆಯೇ ಇಟ್ಟ. ಅಪ್ಪನ ಎಡೆಗೆ ಬರುತ್ತೇನೆ, ಒಬ್ಬನೇ ಬರುತ್ತೇನೆ ಎಂದು ಮಗಳಿಂದ ಹೇಳಿಸಿದ.

ಮುಂದಿನ ದಿನಗಳಲ್ಲಿ ಬಾಗಿಲು ಹಾಕಿಕೊಂಡು, ದೇವರ ಗೂಡಿನ ಮುಂದೆ ನಿಂತು, ಅಂಜನಮ್ಮ ಅದನ್ನು ಮಾಡಿ ಮಾಡಿ ನೋಡಿದಳು. ಮುಷ್ಟಿ ಹಿಡಿದು, ಎದೆಯ ಮೇಲೆ ಒಂದು ಸುತ್ತು. ಮೊದಲು ನಾಚಿಕೆಯಾಗಿ ನಕ್ಕಳು, ಆಮೇಲೆ ಅತ್ತಳು, ಆಮೇಲೆ ಕೈ ಪಳಗಿತು. ಮಗ ಅಂಗಳಕ್ಕೆ ಕಾಲಿಟ್ಟ ಕೂಡಲೇ ಹೇಳಿಬಿಡಬೇಕು, ಒಳಗೆ ಬರುವವರೆಗೂ ಕಾಯಬಾರದು ಎಂದುಕೊಂಡಳು.

ಹಬ್ಬದ ದಿನ ಬೆಳಿಗ್ಗೆಯೇ ಮುದ್ದೆ, ಕೋಳಿಸಾರು, ವಡೆ, ಮುನಿಗಂಗಪ್ಪನಿಗೆ ಇಷ್ಟವಾದ ಬೀಡಿ ಕಟ್ಟು ಎಲ್ಲ ಸಿದ್ಧವಾಗಿತ್ತು. ಬೈಕಿನ ಸದ್ದು ಕೇಳಿ ಅವಳು ಹೊಸ್ತಿಲಿಗೆ ಬಂದಳು. ಮಹೇಂದ್ರ ಗೇಟಿನ ಬಳಿ ಹೆಲ್ಮೆಟ್ ತೆಗೆದು ತಲೆಯೆತ್ತಿದ. ಅವಳು ಮುಷ್ಟಿ ಹಿಡಿದು ಎದೆಯ ಮೇಲಿಟ್ಟಳು. ಸುತ್ತತೊಡಗಿದಳು. ಅವನ ಮುಖ, ಚಿಕ್ಕವನಿದ್ದಾಗ ಹಣ್ಣು ಕೊಟ್ಟರೆ ಆಗುತ್ತಿದ್ದಂತೆ ಒಮ್ಮೆಲೇ ಸಡಿಲವಾಯಿತು. ಹೆಲ್ಮೆಟ್ ಕೆಳಗಿಟ್ಟು ಒಂದು ಹೆಜ್ಜೆ ಮುಂದೆ ಬಂದ.

ಅಷ್ಟರಲ್ಲಿ ಪಕ್ಕದ ಮನೆಯಿಂದ ವೆಂಕಟೇಶಪ್ಪ, ಅವನ ಅಳಿಯ, ಬೀಗರು, ಹೊಸ ಪಂಚೆಗಳ ಹಿಂಡೇ ಅಂಗಳಕ್ಕೆ ನುಗ್ಗಿತು.

“ಯಾಕತ್ಗೇ, ಇಂಗ್ ಎದೆ ಉಜ್ಕತಿದೀಯ? ನೋವಾ?”

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅಂಜನಮ್ಮನ ಮುಷ್ಟಿ ಬಿಡಿಸಿಕೊಂಡಿತು. ಬಿಡಿಸಿದ ಅಂಗೈಯಿಂದ ಎದೆಯನ್ನು ಒಂದೆರಡು ಸಲ ನೀವಿಕೊಂಡಳು.

“ಊಂ ಕಣಪ್ಪ. ಗ್ಯಾಸು.”

ಮಹೇಂದ್ರ ಅವಳ ಬಾಯನ್ನೇ ನೋಡುತ್ತಿದ್ದ. ಆ ಬಾಯನ್ನು ಓದುವುದನ್ನು ದೀಪದ ಮುಂದೆ ಕೂರಿಸಿ ಕಲಿಸಿದವಳು ಅವಳೇ.

ಅವನು ಒಳಗೆ ಬಂದ. ಅಪ್ಪನ ಫೋಟೋಗೆ ಹೂವು ಹಾಕಿದ, ಎಡೆ ಇಟ್ಟ, ಧೂಪ ಹಾಕಿದ. ಹಿರೀಕರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತಾಗ ಅವನು ಕೊಟ್ಟಿಗೆಯ ಕಡೆ ಹೋಗಿ ನಿಂತಿದ್ದ, ಯಾರೂ ಹೋಗೆನ್ನದಿದ್ದರೂ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಬೈಕು ಗೇಟಿನ ಬಳಿ ಇರಲಿಲ್ಲ. ಮುಂದಿನ ವರ್ಷ ಬರುತ್ತಾನೆಂದು ಅಂಜನಮ್ಮ ಎಲ್ಲರಿಗೂ ಹೇಳುತ್ತಿದ್ದಾಳೆ. ಬರುವುದಿಲ್ಲ ಎಂದು ಅವಳಿಗೆ ಗೊತ್ತು.

ಅಂದು ವೆಂಕಟೇಶಪ್ಪನ ಮಗಳು ಅವಳಿಗೆಂದು ಓಂಕಾಳು ಕುದಿಸಿದ ನೀರು ತಂದುಕೊಟ್ಟಳು. ಬಿಸಿ ಇರುವಾಗಲೇ ಕುಡಿ ದೊಡ್ಡವ್ವ, ಗ್ಯಾಸಿಗೆ ಒಳ್ಳೇದು ಎಂದಳು. ಎಲ್ಲರೂ ನೋಡುತ್ತಿದ್ದರು. ಅಂಜನಮ್ಮ ಲೋಟ ತೆಗೆದುಕೊಂಡು ಪೂರ್ತಿ ಕುಡಿದಳು.